ಕಲೆ ಹೋಯಿತು, ಕರಿಬೇವೂ ಹೋಯಿತು

ದೀಪಾವಳಿಗೆ ಇನ್ನು ಎಂಟೇ ದಿನ. ಅಡಿಕೆ ಕೊಯ್ಲು ತಲೆಯ ಮೇಲೆ ಬಂದು ಕೂತಿತ್ತು. ನಾಲ್ಕು ತಿಂಗಳ ಮಳೆ ಕುಡಿದ ನಮ್ಮ ಸಿಮೆಂಟ್ ಅಂಗಳ ಎಮ್ಮೆಯ ಬೆನ್ನಿನ ಹಾಗೆ ಕಪ್ಪಗಾಗಿತ್ತು. ಅದರ ಮೇಲೆ ಹೋದ ವರ್ಷದ ಚೊಗರಿನ ಕಲೆ, ಬೋರ್‌ವೆಲ್ ನೀರಿನ ಕೆಂಪು ಗೆರೆ, ಪಿಕಪ್ ಗಾಡಿ ಸುರಿಸಿ ಹೋದ ಆಯಿಲ್. ಬಚ್ಚಲ ಗೋಡೆ ರಿಪೇರಿಗೆ ಬಂದಿದ್ದ ಗಾರೆ ಕೆಲಸದ ಹುಡುಗ ಒಮ್ಮೆ ಅಂಗಳ ನೋಡಿ, ಒಮ್ಮೆ ಅಮ್ಮನ ಮುಖ ನೋಡಿ ಹೇಳಿದ: “ಆಸಿಡ್ ಹಾಕಿಬಿಡಾಣ ಅಮ್ಮಾ. ಅರ್ಧ ಗಂಟೆ ಕೆಲಸ. ಮೇಲಿಂದ ನಾಲ್ಕು ಕೊಡ ನೀರು ಹೊಯ್ದರೆ ಆಯ್ತು.”

ಆಯ್ತು. ಮೂಗಿಗೆ ಟವೆಲ್ ಕಟ್ಟಿಕೊಂಡು ಅವನು ಕ್ಯಾನ್ ಬಗ್ಗಿಸಿದ ಕಡೆಯೆಲ್ಲ ನೆಲ ಬುಸುಗುಟ್ಟಿ ಬೆಳ್ಳನೆ ನೊರೆ ಬಂತು. ನಾವು ಜಗುಲಿಯಲ್ಲಿ ನಿಂತು ಜಾದೂ ನೋಡಿದ ಹಾಗೆ ನೋಡಿದೆವು. ನಾಲ್ಕು ಕೊಡ ನೀರು ಇಳಿಜಾರು ಹಿಡಿದು ಮೂಲೆಗೆ ಹೋಗಿ ಇಂಗಿತು. ಆ ಮೂಲೆಯಲ್ಲಿ ಅಮ್ಮನ ಕರಿಬೇವು ಇತ್ತು. ನಾಲ್ಕನೆಯ ದಿನ ಎಲೆಗಳ ಅಂಚು ದೀಪಕ್ಕೆ ಹಿಡಿದ ಕಾಗದದಂತೆ ಕಂದಿತು. ಹಬ್ಬ ಮುಗಿಯುವ ಹೊತ್ತಿಗೆ ಬರೀ ಕಡ್ಡಿ ಉಳಿಯಿತು. ಮಾರನೆಯ ಮಳೆಗಾಲದಲ್ಲಿ ಇನ್ನೊಂದು ಬೇಸರ ಕಾದಿತ್ತು: ಎಲ್ಲಿ ಆಸಿಡ್ ಬಿದ್ದಿತ್ತೋ ಅಲ್ಲೇ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ದಪ್ಪಗೆ ಪಾಚಿ ಕಟ್ಟಿತು.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ನಮ್ಮ ಸಾಗರದ ಕಡೆ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಕಲೆ ಕಂಡರೆ ಆಸಿಡ್, ಪಾಚಿ ಕಂಡರೆ ಬ್ಲೀಚಿಂಗ್ ಪೌಡರ್, ಎರಡಕ್ಕೂ ಮುಗಿಯದಿದ್ದರೆ ಪ್ರೆಷರ್ ಪಂಪ್. ಹಾಕುವುದು ಏನು ಎಂಬ ಚರ್ಚೆ ಬೇಕಾದಷ್ಟು ನಡೆಯುತ್ತದೆ. ತೊಳೆದ ನೀರು ಯಾರ ಬುಡಕ್ಕೆ ಹೋಗಿ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ.

ನಮ್ಮ ಅಜ್ಜನ ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ. ಅಂಗಳ ಮಣ್ಣಿನದು. ಮಳೆಗಾಲದಲ್ಲಿ ಅದರ ಮೇಲೆ ಸೋಗೆ ಹಾಸಿ, ನಡೆಯುವಲ್ಲಿ ಅಡಿಕೆ ದಬ್ಬೆ ಇಟ್ಟು, ಮಳೆ ನಿಂತ ಮೇಲೆ ಕೆತ್ತಿ, ಬಡಿದು, ಸಗಣಿ ಸಾರಿಸಿದರೆ ಹೊಸ ಅಂಗಳ. ಕಲೆಗೆ ಒಂದು ವರ್ಷಕ್ಕಿಂತ ಹೆಚ್ಚಿನ ಆಯಸ್ಸು ಇರಲಿಲ್ಲ. ಸಿಮೆಂಟ್ ಬಂದ ಮೇಲೆ ಸಾರಿಸುವ ಕೆಲಸ ತಪ್ಪಿತು, ಕಲೆಗೆ ಮಾತ್ರ ಶಾಶ್ವತ ವಿಳಾಸ ಸಿಕ್ಕಿತು.

ಸಿಮೆಂಟ್ ನೆಲ ನೋಡಲು ಕಲ್ಲಿನಂತಿದ್ದರೂ ಒಳಗೆಲ್ಲ ಕೂದಲೆಳೆಗಿಂತ ಸಣ್ಣ ರಂಧ್ರಗಳು. ಬಿದ್ದ ಬಣ್ಣದ ನೀರನ್ನು ಅವು ಹೀರಿಕೊಳ್ಳುತ್ತವೆ. ಜೊತೆಗೆ ಅದರ ಮೈಯೆಲ್ಲ ಸುಣ್ಣದ ಅಂಶ. ಹೊಸ ಕಾಂಕ್ರೀಟಿನ ಪಿಎಚ್ 12ರಿಂದ 13ರವರೆಗೆ ಇರುತ್ತದೆ, ಅಷ್ಟು ಕ್ಷಾರದಲ್ಲಿ ಪಾಚಿ ಬದುಕುವುದು ಕಷ್ಟ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಮೇಲ್ಪದರದ ಸುಣ್ಣದ ಜೊತೆ ಸೇರಿ ಆ ಪಿಎಚ್ ಅನ್ನು 9ರ ಹತ್ತಿರಕ್ಕೆ ಇಳಿಸುತ್ತದೆ. ಹೊಸ ಅಂಗಳ ಎರಡು ಮಳೆಗಾಲ ಚೊಕ್ಕವಾಗಿದ್ದು ಆಮೇಲೆ ಕಪ್ಪಾಗುವುದು ಇದಕ್ಕೇ. ಮೇಸ್ತ್ರಿ ಕಳ್ಳ ಸಿಮೆಂಟ್ ಹಾಕಿದ ಎಂದು ನಾವು ಬೈಯುವುದು ಪಾಪ ಅವನನ್ನು.

ಆಸಿಡ್ ಮಾಡುವ ಕೆಲಸ ಈಗ ಅರ್ಥವಾಗುತ್ತದೆ. ಅಂಗಡಿಯಲ್ಲಿ ಬರೀ ಆಸಿಡ್ ಎಂದು ಕೊಡುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದಕ್ಕೆ ಕಲೆಯ ಪರಿಚಯವಿಲ್ಲ, ಸುಣ್ಣದ ಪರಿಚಯವಿದೆ. ಬುಸುಗುಟ್ಟಿ ನೊರೆ ಬಂದದ್ದು ಕಲೆ ಕರಗಿದ್ದರಿಂದಲ್ಲ, ಅಂಗಳವೇ ಕರಗುತ್ತಿದ್ದುದರಿಂದ. ನುಣುಪಾದ ಮೇಲ್ಪದರ ಹೋಗಿ ಮರಳು ಎದ್ದ ನೆಲಕ್ಕೆ ನೀರು ಹೆಚ್ಚು ಹೊತ್ತು ಅಂಟಿಕೊಳ್ಳುತ್ತದೆ, ಪಾಚಿಗೆ ಕಾಲೂರಲು ಜಾಗ ಸಿಗುತ್ತದೆ. ಪ್ರೆಷರ್ ಪಂಪನ್ನು ಮೂತಿಗೆ ಮೂತಿ ಹಚ್ಚಿ ಹೊಡೆದರೂ ಗತಿ ಇದೇ. ಹೊಡೆಯಲೇಬೇಕಿದ್ದರೆ ಅಗಲವಾಗಿ ಚಿಮ್ಮುವ ನಳಿಗೆ ಹಾಕಿ, ನೆಲದಿಂದ ಒಂದಡಿ ದೂರ ಹಿಡಿಯಬೇಕು.

ಗಿಡಕ್ಕೆ ಬೀಳುವ ಪೆಟ್ಟು ಎರಡು ಬಗೆ. ಖರ್ಚಾಗದೆ ಉಳಿದ ಆಮ್ಲ ನೇರ ಬೇರಿಗೆ ತಾಗುವುದು ಒಂದು. ಆಮ್ಲ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪಾಗಿ ಮಣ್ಣಿಗಿಳಿಯುವುದು ಇನ್ನೊಂದು. ಕ್ಲೋರೈಡ್ ನೀರಿನ ಜೊತೆ ಬೇರಿನಿಂದ ಮೇಲೇರುತ್ತದೆ, ಎಲೆಯ ಅಂಚಿಗೆ ಹೋಗಿ ಸೇರುತ್ತದೆ. ನೀರು ಆವಿಯಾದರೂ ಅದು ಅಲ್ಲೇ ಉಳಿಯುತ್ತದೆ. ನಮ್ಮ ಕರಿಬೇವಿನ ಎಲೆ ಅಂಚಿನಿಂದ ಸುಟ್ಟಿದ್ದು ಹಾಗೆ. ಅದಲ್ಲದೆ ಮಲೆನಾಡಿನ, ಕರಾವಳಿಯ ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿ. ತೋಟಕ್ಕೆ ಸುಣ್ಣ ಹಾಕುವುದು ಆ ಹುಳಿ ತಗ್ಗಿಸಲು. ಅಂಥ ಮಣ್ಣಿಗೆ ಮತ್ತಷ್ಟು ಆಮ್ಲ ಬಿದ್ದರೆ ಮಣ್ಣಿನಲ್ಲಿ ಸುಮ್ಮನೆ ಮಲಗಿದ್ದ ಅಲ್ಯೂಮಿನಿಯಂ ಕರಗಿ ಎದ್ದು ಬರುತ್ತದೆ, ಬೇರಿನ ತುದಿಗಳನ್ನು ಕುಂಟಾಗಿಸುತ್ತದೆ. ಧಾರವಾಡ, ಗದಗದ ಕರಿಮಣ್ಣಿನಲ್ಲಿ ಸುಣ್ಣದ ಅಂಶ ಇರುವುದರಿಂದ ಆಮ್ಲವನ್ನು ಅದು ಸ್ವಲ್ಪ ತಡೆದುಕೊಳ್ಳುತ್ತದೆ. ಅಲ್ಲಿ ಭಯ ಬೇರೆ: ವಾಷಿಂಗ್ ಸೋಡಾ, ಸೋಪಿನ ಪುಡಿಯ ಸೋಡಿಯಂ ಸೇರಿ ಸೇರಿ ನೆಲ ಚೌಳಾಗುವುದು.

ಹಾಗಾದರೆ ಕಲೆ ಹಾಗೇ ಇರಲಿ ಎನ್ನಲಾಗದು. ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಒಂದೊಂದು ಕಲೆಗೆ ಒಂದೊಂದು ಹುಟ್ಟು ಇದೆ, ಅದನ್ನು ತಿಳಿದರೆ ಕ್ಯಾನಿನ ಅಗತ್ಯ ಬರುವುದಿಲ್ಲ.

ನಮ್ಮಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ್ದು ಚೊಗರಿನ ಕಲೆ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಗಟ್ಟಿ ಕೆಂಪು ರಸವೇ ಚೊಗರು. ಕೆಂಪಡಿಕೆಗೆ ಬಣ್ಣ ಕೊಡುವುದು ಅದೇ. ಅದರ ತುಂಬ ಟ್ಯಾನಿನ್. ಬೆಂದ ಅಡಿಕೆ ಬುಟ್ಟಿಯಿಂದ ಅಂಗಳಕ್ಕೆ ತೊಟ್ಟಿಕ್ಕಿದ ಚೊಗರು ಮೊದಲು ತಿಳಿಕಂದು, ಸಂಜೆಗೆ ಕಡುಕೆಂಪು. ಯಾಕೆ ಎಂದು ನಾನು ಬಹಳ ದಿನ ಯೋಚಿಸಿದ್ದೆ. ಉತ್ತರ ಅಮ್ಮನ ಎಲೆಯಡಿಕೆ ತಟ್ಟೆಯಲ್ಲೇ ಇತ್ತು. ಅಡಿಕೆ ಅಗಿದರೆ ಬಾಯಿ ಕೆಂಪಾಗುವುದಿಲ್ಲ, ಸುಣ್ಣ ಸೇರಬೇಕು. ಅಡಿಕೆಯ ಟ್ಯಾನಿನ್ ಕ್ಷಾರ ಸಿಕ್ಕಿದ ಕೂಡಲೇ ಗಾಳಿಯ ಆಮ್ಲಜನಕದ ಜೊತೆ ಕೂಡಿ ಕೆಂಪೇರುತ್ತದೆ. ಸಿಮೆಂಟಿನಲ್ಲಿ ಇರುವುದೂ ಸುಣ್ಣವೇ ತಾನೆ? ಕೊಯ್ಲಿನ ಕಾಲದಲ್ಲಿ ಅಂಗಳ ತಾನೇ ಕವಳ ಹಾಕಿಕೊಂಡು ಕೂತಿರುತ್ತದೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಕೆಂಪಿನ ಮೇಲೆ ಬೋರ್‌ವೆಲ್ ನೀರು ಬಿದ್ದರೆ ಕಲೆ ಕಪ್ಪಾಗುತ್ತದೆ. ನೀರಿನಲ್ಲಿರುವ ಕಬ್ಬಿಣ ಟ್ಯಾನಿನ್ನಿನ ಜೊತೆ ಸೇರಿದರೆ ಹುಟ್ಟುವುದು ಶುದ್ಧ ಶಾಯಿ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಹಿಂದಿನವರು ಶಾಯಿ ಮಾಡಿಕೊಳ್ಳುತ್ತಿದ್ದುದು ಇದೇ ಕ್ರಮದಲ್ಲಿ. ಕಲಂಕಾರಿ ಬಟ್ಟೆಯ ಕಪ್ಪು ಗೆರೆಯೂ ಅಳಲೆ ಹಚ್ಚಿದ ಬಟ್ಟೆಯ ಮೇಲೆ ಬೆಲ್ಲದಲ್ಲಿ ಕೊಳೆಸಿದ ಕಬ್ಬಿಣದ ನೀರು ಬಿದ್ದು ಆಗುವಂಥದ್ದು. ಬರೆಯಲು ಬಳಸಿದ್ದನ್ನು ಒರೆಸುವುದು ಸುಲಭವಿಲ್ಲ ನೋಡಿ. ಬೇವು, ಮಾವು, ಹಲಸಿನ ಒದ್ದೆ ತರಗೆಲೆ ಒಂದೇ ಜಾಗದಲ್ಲಿ ವಾರಗಟ್ಟಲೆ ಬಿದ್ದರೆ ಆಗುವ ಎಲೆಯಾಕಾರದ ಕಂದು ಅಚ್ಚೂ ಟ್ಯಾನಿನ್ನಿನದೇ.

ಕೆಂಪು ಅಥವಾ ಕಂದು ಇರುವಾಗಲೇ ಹಿಡಿದರೆ ಕೆಲಸ ಹಗುರ. ಹಸಿ ಚೊಗರಿಗೆ ತಕ್ಷಣ ಒಂದು ತಂಬಿಗೆ ನೀರು, ಒಂದು ಗೋಣಿ ಚೂರು ಸಾಕು. ತೊಳೆದ ನೀರು ಗಿಡಕ್ಕೆ ಹೋದರೂ ಅಷ್ಟು ಚೂರು ಟ್ಯಾನಿನ್ನಿನಿಂದ ಏನೂ ಆಗದು. ಒಣಗಿದ್ದಕ್ಕೆ ಬಿಸಿಲೇ ಮದ್ದು, ಒಂದು ಬೇಸಿಗೆ ಬಿಟ್ಟರೆ ತರಗೆಲೆಯ ಅಚ್ಚು ತಾನಾಗಿ ಮಾಸುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಪುಡಿ ಬಳಸಬಹುದು. ಬಟ್ಟೆಗೆ ಹಾಕುವ ಆಕ್ಸಿಜನ್ ಬ್ಲೀಚಿನಲ್ಲಿ ಇರುವುದು ಅದೇ. ಬಿಸಿನೀರಿನಲ್ಲಿ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಪೆರಾಕ್ಸೈಡ್ ಬಣ್ಣ ಕಳೆದು ಬರೀ ನೀರು, ಆಮ್ಲಜನಕವಾಗಿ ಹೋಗುತ್ತದೆ. ಉಳಿದ ಸೋಡಾ ಮಾತ್ರ ಸೋಡಿಯಂ ಆಗಿ ಮಣ್ಣಿಗೆ ಸೇರುವುದರಿಂದ ಅದನ್ನೂ ಬಕೆಟ್‌ಗಟ್ಟಲೆ ಸುರಿಯುವಂತಿಲ್ಲ. ಇನ್ನೊಂದು ಮಾತು: ಅದೂ ಕ್ಷಾರವೇ ಆದ್ದರಿಂದ ಹಚ್ಚಿದ ಕೂಡಲೇ ಕಲೆ ಇನ್ನಷ್ಟು ಗಾಢವಾದಂತೆ ಕಾಣಬಹುದು. ಹೆದರಿ ಕೈಬಿಡಬಾರದು.

ಕಪ್ಪಾಗಿದ್ದರೆ ಅಥವಾ ಬೋರ್‌ವೆಲ್ ನೀರಿನ ತುಕ್ಕಿನ ಗೆರೆಯಾಗಿದ್ದರೆ ಮೊದಲು ಕಬ್ಬಿಣವನ್ನು ಬಿಡಿಸಬೇಕು. ಕೊಳವೆಬಾವಿಯಿಂದ ಏರಿದಾಗ ತಿಳಿಯಾಗಿರುವ ನೀರು ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಕೆಂಪಾಗುವುದನ್ನು ನೋಡಿರುತ್ತೀರಿ. ಕರಗಿದ್ದ ಕಬ್ಬಿಣ ತುಕ್ಕಾಗಿ ಇಳಿಯುವ ಕ್ರಮ ಅದು. ತಮಾಷೆಯೆಂದರೆ ಕೆಲವು ಕೆಂಪು ಕಲೆ ಗಿಡಪ್ರೇಮಿಗಳದೇ ಕೈವಾಡ. ಎಲೆ ಹಳದಿಯಾಯಿತೆಂದು ಅನ್ನಭೇದಿ ನೀರು ಸಿಂಪಡಿಸಿ, ಅಂಗಳಕ್ಕೂ ನಾಲ್ಕು ಹನಿ ಬೀಳಿಸಿ, ಮಾರನೆಯ ದಿನ ಚುಕ್ಕೆ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಳ್ಳುತ್ತಾರೆ.

ಈ ಕೆಲಸಕ್ಕೆ ನಾನು ಬಳಸುವುದು ನಿಂಬೆ ಉಪ್ಪು. ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಹರಳು. ಧೋತರದ ತುಕ್ಕಿನ ಕಲೆಗೆ ನಿಂಬೆಹಣ್ಣು ತಿಕ್ಕುತ್ತಿದ್ದುದರ ಹಿಂದಿನ ಗುಟ್ಟೂ ಇದೇ. ಅದು ಕಬ್ಬಿಣವನ್ನು ಅಪ್ಪಿ ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಇದೂ ಆಮ್ಲವೇ, ಸುಣ್ಣವನ್ನು ಸ್ವಲ್ಪ ತಿನ್ನುತ್ತದೆ. ಆದರೆ ಕ್ಲೋರೈಡ್ ಬಿಟ್ಟು ಹೋಗುವುದಿಲ್ಲ, ಮಣ್ಣಿನ ಜೀವಿಗಳು ಕೆಲವು ದಿನಗಳಲ್ಲಿ ಅದನ್ನು ತಿಂದು ಮುಗಿಸುತ್ತವೆ. ಒಂದು ಲೀಟರ್ ನೀರಿಗೆ 100 ಗ್ರಾಂ. ಮೊದಲು ಕಲೆಯ ಜಾಗವನ್ನು ಬರೀ ನೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಒಣ ಸಿಮೆಂಟ್ ದ್ರಾವಣವನ್ನು ಗಟಗಟ ಕುಡಿದು ಕಲೆಯನ್ನೂ ಒಳಗೆಳೆದುಕೊಳ್ಳುತ್ತದೆ. ಆಮೇಲೆ ಹಳೆಯ ಹತ್ತಿ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ, ಜ್ವರ ಬಂದವರ ಹಣೆಗೆ ಪಟ್ಟಿ ಹಾಕಿದ ಹಾಗೆ ಕಲೆಯ ಮೇಲೆ ಹಾಸಿ ಹದಿನೈದು ನಿಮಿಷ ಬಿಡುವುದು. ಒಣಗಲು ಬಿಡಬಾರದು. ಬಟ್ಟೆ ಎತ್ತಿದಾಗ ಅದಕ್ಕೆ ತಿಳಿಹಳದಿ ಬಣ್ಣ ಬಂದಿರುತ್ತದೆ, ಅದೇ ನಿಮ್ಮ ಅಂಗಳದ ಕಬ್ಬಿಣ. ನೈಲಾನ್ ಬ್ರಷ್ಷಿನಿಂದ ತಿಕ್ಕಿ. ತಂತಿ ಬ್ರಷ್ ಬೇಡವೇ ಬೇಡ, ಅದರ ಉಕ್ಕಿನ ಚೂರು ಸಿಮೆಂಟಿನಲ್ಲಿ ಸಿಕ್ಕಿಕೊಂಡು ಮುಂದಿನ ತಿಂಗಳು ಹೊಸ ತುಕ್ಕಾಗುತ್ತದೆ.

ಇಲ್ಲಿಯವರೆಗೆ ಎಲ್ಲರೂ ಸರಿಯಾಗಿ ಮಾಡುತ್ತಾರೆ. ತಪ್ಪುವುದು ಮುಂದೆ. ಕೈ ತಾನಾಗಿ ಕೊಡದ ಕಡೆ ಹೋಗುತ್ತದೆ. ಹೊಯ್ಯಬೇಡಿ, ಒರೆಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಕೆಟ್ಟಿಗೆ ಹಿಂಡಿ, ಎರಡು ಮೂರು ಸಲ. ಬಕೆಟ್ಟಿನ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ನೊರೆ ಬರುವುದು ನಿಲ್ಲುವ ತನಕ ಮತ್ತಷ್ಟು ಹಾಕುತ್ತ ಹೋಗಿ, ಆಮೇಲೆ ಬಚ್ಚಲಿಗೆ ಚೆಲ್ಲಿ. ಒರೆಸಿ ಉಳಿದ ತೇವದ ಮೇಲೆ ಒಂದು ತಂಬಿಗೆ ನೀರು ಹಾಕಿದರೆ ಗಿಡಕ್ಕೆ ತೊಂದರೆಯಿಲ್ಲ. ಮೂರು ಸಲ ಪಟ್ಟಿ ಹಾಕಿದರೂ ನೆರಳಿನಷ್ಟು ಕಲೆ ಉಳಿಯಬಹುದು. ಉಳಿಯಲಿ.

ತುಕ್ಕಿಗೆ ಆಕ್ಸಾಲಿಕ್ ಆಮ್ಲವೂ ಮಾರಾಟಕ್ಕಿದೆ, ಕೆಲಸ ಇನ್ನೂ ಚುರುಕು. ಆದರೆ ಅದು ವಿಷ. ಮನೆಯಲ್ಲಿ ಮಕ್ಕಳು, ಕೊಟ್ಟಿಗೆಯಲ್ಲಿ ದನ, ಅಂಗಳದಲ್ಲಿ ಕೋಳಿ ಇರುವಲ್ಲಿ ನಾನು ಅದನ್ನು ಹೇಳಲಾರೆ.

ಪಾಚಿಯ ವಿಷಯದಲ್ಲಿ ನಮ್ಮ ಅವಸರವೇ ಶತ್ರು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅಲ್ಲಿ ಆಷಾಢದಲ್ಲಿ ಪಾಚಿ ತೆಗೆಯುವುದೆಂದರೆ ಸಮುದ್ರಕ್ಕೆ ಗುಡಿಸಿದಂತೆ. ಅಂಗಳದ ಕಪ್ಪು ಪದರ ಹೆಚ್ಚಾಗಿ ನೀಲಿಹಸಿರು ಪಾಚಿ. ಮಳೆ ನಿಂತು ಮೂರು ನಾಲ್ಕು ದಿನ ಬಿಸಿಲು ಬಿದ್ದರೆ ಅದು ಒಣಗಿ, ಬಿರಿದು, ಅಂಚು ಎತ್ತಿಕೊಂಡು ಹಪ್ಪಳದ ಚೂರಿನಂತೆ ಏಳುತ್ತದೆ. ಆ ದಿನ ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಕಡ್ಡಿ ಹಿಡಿಯಿಂದ ಗುಡಿಸಿದರೆ ಮುಕ್ಕಾಲು ಪಾಲು ನೀರಿಲ್ಲದೆ ಹೋಗುತ್ತದೆ. ಗುಡಿಸಿದ್ದು ಗೊಬ್ಬರದ ಗುಂಡಿಗೆ. ಉಳಿದದ್ದಕ್ಕೆ ಬಚ್ಚಲ ಹಂಡೆಯ ಕುದಿನೀರು ಮತ್ತು ತೆಂಗಿನ ಕತ್ತ. ಕುದಿನೀರು ಪಾಚಿಯನ್ನು ಬೇಯಿಸಿ ಸಾಯಿಸುತ್ತದೆ, ಸ್ವಲ್ಪ ದೂರ ಹರಿಯುವುದರೊಳಗೆ ತಣ್ಣಗಾಗಿ ಬರೀ ನೀರಾಗುತ್ತದೆ. ಗಿಡದ ಬುಡಕ್ಕೆ ಒಂದು ಮಾರು ಅಂತರ ಬಿಟ್ಟರೆ ಸಾಕು. ಮಳೆಗಾಲದ ನಡುವೆ ಜಾರುವ ಭಯವಿದ್ದರೆ ಇಡೀ ಅಂಗಳಕ್ಕೆ ಕೈ ಹಾಕದೆ ನಡೆಯುವ ದಾರಿಯಷ್ಟನ್ನೇ ಮರಳು, ತೆಂಗಿನ ಸಿಪ್ಪೆ ಹಾಕಿ ತಿಕ್ಕುವುದು ಸಾಕು. ಅಜ್ಜನ ದಬ್ಬೆಯೂ ಇದೆ.

ಬ್ಲೀಚಿಂಗ್ ಪೌಡರ್ ಎಲ್ಲರ ಮನೆಯಲ್ಲೂ ಇದೆ, ಅದಕ್ಕೇ ಅದರ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಬೇಕು. ಅದರ ಕ್ಲೋರಿನ್ ಪಾಚಿ ಯಾವುದು, ತುಳಸಿ ಯಾವುದು ಎಂದು ನೋಡುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿ, ಎರೆಹುಳು, ಎಳೆಬೇರು ಎಲ್ಲಕ್ಕೂ ಒಂದೇ ಶಿಕ್ಷೆ. ಬಿಸಿಲಿಗೆ ಕ್ಲೋರಿನ್ ಹಾರಿಹೋದರೂ ಕ್ಲೋರೈಡ್ ಉಳಿಯುತ್ತದೆ. ಮಳೆ ಬರುವ ಮುನ್ನಾದಿನ ಅಂಗಳಕ್ಕೆಲ್ಲ ಎರಚಿ, ಮಳೆಯೇ ತೊಳೆಯಲಿ ಎಂದು ಬಿಡುವವರಿದ್ದಾರೆ. ಅದಕ್ಕಿಂತ ಕೆಟ್ಟ ಕ್ರಮ ನನಗೆ ಗೊತ್ತಿಲ್ಲ. ಇನ್ನು ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೇರಿಸಿದರೆ ಡಬಲ್ ಕೆಲಸ ಎಂದುಕೊಂಡವರಿಗೆ ಒಂದು ನೆನಪು: ಆಗ ಹೊರಬರುವುದು ಕ್ಲೋರಿನ್ ಅನಿಲ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪರ್ ಬಳಿ ಜರ್ಮನ್ ಸೇನೆ ಎದುರಾಳಿಗಳ ಮೇಲೆ ಬಿಟ್ಟದ್ದು ಅದನ್ನೇ.

ಆಯಿಲ್ ಬಿದ್ದ ಕೂಡಲೇ ನೀರು ಹಾಕಬಾರದು, ಹರಡುತ್ತದೆ. ಮರದ ಹೊಟ್ಟು ಅಥವಾ ಒಲೆಯ ಬೂದಿ ಸುರಿದು, ಕಾಲಿನಲ್ಲಿ ಒತ್ತಿ ರಾತ್ರಿಯಿಡೀ ಬಿಡುವುದು. ಹಳೆಯ ಕಲೆಗೆ ಸೋಪಿನ ನೀರಿನಲ್ಲಿ ಜೇಡಿಮಣ್ಣು ಕಲಸಿ ದಪ್ಪಗೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟು, ತೆಗೆದು ಒಣಗಿಸಿ ಗುಡಿಸುವುದು. ಎಣ್ಣೆ ಮೇಲೆದ್ದು ಮಣ್ಣಿಗೆ ಸೇರಿರುತ್ತದೆ. ಆ ಹೊಟ್ಟು, ಆ ಮಣ್ಣು ಗೊಬ್ಬರದ ಗುಂಡಿಗೆ ಹೋಗಕೂಡದು.

ನೈಸರ್ಗಿಕ ಎಂಬ ಮಾತಿಗೂ ಮರುಳಾಗಬೇಡಿ. ವಿನೆಗರ್ ಅಡುಗೆಮನೆಯದೇ ಇರಬಹುದು, ಎಲೆಯ ಮೇಲೆ ಬಿದ್ದರೆ ಸುಡುತ್ತದೆ. ಕಳೆ ಸುಡಲು ಅದನ್ನು ಬಳಸುವವರೂ ಇದ್ದಾರೆ. ಕಲ್ಲುಪ್ಪು ಹಾಕಿ ತಿಕ್ಕಿದರೆ ಆ ಉಪ್ಪು ಹೋಗುವುದು ಬೇರಿಗೇ. ಅಂಟುವಾಳ ಎಣ್ಣೆಜಿಡ್ಡಿಗೆ ಚೆನ್ನ, ಗಿಡಕ್ಕೂ ಸೌಮ್ಯ. ಆದರೆ ಆ ನೊರೆ ಕೊಡುವ ಸಪೋನಿನ್ ಮೀನಿಗೆ ವಿಷ, ಅಂಗಳದ ನೀರು ಕೆರೆಗೋ ಹಳ್ಳಕ್ಕೋ ಹೋಗುವ ಮನೆಯಲ್ಲಿ ಅದೂ ಲೆಕ್ಕದಲ್ಲಿರಬೇಕು.

ಏನೇ ಬಳಸಿದರೂ ಗಿಡದ ಕಡೆಯ ತಯಾರಿ ಮೊದಲು ಆಗಬೇಕು. ಹಿಂದಿನ ಸಂಜೆ ಹತ್ತಿರದ ಗಿಡಗಳಿಗೆ ತುಂಬ ನೀರು ಕೊಡಿ. ಹೊಟ್ಟೆ ತುಂಬಿದ ಮಣ್ಣು ಮಾರನೆಯ ದಿನ ಹರಿದು ಬಂದ ಕೊಳೆನೀರನ್ನು ಅಷ್ಟು ಆಸೆಯಿಂದ ಕುಡಿಯುವುದಿಲ್ಲ, ಕುಡಿದರೂ ಅದು ತೆಳುವಾಗಿರುತ್ತದೆ. ಎಲೆಗಳಿಗೂ ನೀರು ಚಿಮುಕಿಸಿ. ಕೆಳಗಿನ ಕೊಂಬೆಗಳಿಗೆ ಒದ್ದೆ ಗೋಣಿ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಕೆಲಸ ಮುಗಿದ ತಕ್ಷಣ ತೆಗೆಯಬೇಕು, ಬಿಸಿಲಿಗೆ ಒಳಗೆ ಗಿಡ ಬೇಯುತ್ತದೆ. ಅಂಗಳದ ಅಂಚಿಗೆ ಒಂದು ಗೇಣು ಎತ್ತರ ಜೇಡಿಮಣ್ಣಿನ ಕಟ್ಟೆ ಹಾಕಿ, ನೀರು ಹೋಗಬೇಕಾದ ಕಡೆ ಮಾತ್ರ ಬಾಯಿ ಬಿಡಿ. ತೋಟದಲ್ಲಿ ನೀರು ಕಟ್ಟಿ ಗೊತ್ತಿರುವವರಿಗೆ ಇದನ್ನು ಕಲಿಸಬೇಕಿಲ್ಲ. ಕುಂಡಗಳನ್ನು ಎತ್ತಿ ಜಗುಲಿಯ ಮೇಲಿಡಿ. ಹಾಗೆಯೇ ಕಾಣದ ಮೂಲೆಯಲ್ಲಿ ಅಂಗೈ ಅಗಲ ಪ್ರಯೋಗ ಮಾಡಿ, ಒಂದು ದಿನ ಕಾಯ್ದು ಮುಂದುವರಿಯಿರಿ.

ಆಸಿಡ್ ಕ್ಯಾನ್ ತರಲೇಬೇಕು ಎನ್ನುವವರಿಗೆ: 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿದೆ. ಕೊಳ್ಳುವವರು ಗುರುತಿನ ಚೀಟಿ ತೋರಿಸಬೇಕು, ಅಂಗಡಿಯವರು ಯಾರಿಗೆ ಎಷ್ಟು ಕೊಟ್ಟೆವೆಂದು ಬರೆದಿಡಬೇಕು, 18 ವರ್ಷ ತುಂಬದವರಿಗೆ ಕೊಡುವಂತಿಲ್ಲ.

ನಮ್ಮ ಅಂಗಳದಲ್ಲಿ ಈಗ ನಾನು ಮುಟ್ಟದೆ ಬಿಟ್ಟಿರುವ ಕಲೆ ಒಂದಿದೆ. ಬಾವಿಕಟ್ಟೆಯ ಪಕ್ಕ, ಬೋರ್ಡೋ ಕಲಸುವ ಡ್ರಮ್ ಇಡುವ ಜಾಗದಲ್ಲಿ, ತಿಳಿನೀಲಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಫ್ರಾನ್ಸಿನಲ್ಲಿ ದ್ರಾಕ್ಷಿಗೆಂದು ಹುಟ್ಟಿದ ಈ ಮದ್ದನ್ನು ಅಡಿಕೆಯ ಕೊಳೆರೋಗಕ್ಕೆ ಹಚ್ಚಿ ತೋರಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್; ಕೊಳೆರೋಗದ ಬಗ್ಗೆ ಅವರ ಪುಸ್ತಿಕೆ 1910ರದು. ಆ ನೀಲಿಯಲ್ಲಿರುವುದು ತಾಮ್ರ. ಆಮ್ಲ ಹಾಕಿದರೆ ಕಲೆ ಕರಗಿ ಹೋಗುತ್ತದೆ ನಿಜ, ಹೋಗುವುದು ಮಾತ್ರ ಪಕ್ಕದ ಮಣ್ಣಿಗೆ, ಎರೆಹುಳುವಿನ ಬಾಯಿಗೆ. ನೆಲಕ್ಕೆ ಕಚ್ಚಿಕೊಂಡಿರುವ ತನಕ ಅದು ಯಾರ ತಂಟೆಗೂ ಬರುವುದಿಲ್ಲ. ಪಾಚಿಯನ್ನು ಬಿಟ್ಟು. ತಾಮ್ರವಿರುವಲ್ಲಿ ಪಾಚಿ ಹತ್ತುವುದಿಲ್ಲ, ಸುತ್ತಲೂ ಕಪ್ಪಾದರೂ ಆ ನಾಲ್ಕಡಿ ಜಾಗ ಇಡೀ ಮಳೆಗಾಲ ಒರಟಾಗಿ, ಚೊಕ್ಕವಾಗಿ ಇರುತ್ತದೆ. ಅಮ್ಮ ಬಾವಿಗೆ ಹೋಗುವಾಗ ಕಾಲಿಡುವುದು ಅದರ ಮೇಲೆಯೇ.